ಒಂದೇ ಆಟ, ಕೋಟಿ ಪ್ರತಿ

ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಚೆಂಡು ಬೌಂಡರಿ ದಾಟಿತೆನ್ನಿ. ಜಗಳೂರು ತಾಲ್ಲೂಕಿನ ಸೊಕ್ಕೆಯಲ್ಲಿ ಮೊಬೈಲ್ ಹಿಡಿದು ಕುಳಿತವರಿಗೆ ಅದು ಕಾಣುವುದು ಹಲವು ಸೆಕೆಂಡು ತಡವಾಗಿ. ಎರಡೂ ಊರುಗಳ ನಡುವಿನ ನೇರ ದೂರ ಸುಮಾರು 200 ಕಿ.ಮೀ. ಆಪ್ಟಿಕಲ್ ಫೈಬರಿನಲ್ಲಿ ಬೆಳಕಿನ ವೇಗ ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಅಂದರೆ ಈ ದೂರ ಕ್ರಮಿಸಲು ಬೇಕಾದುದು ಒಂದು ಮಿಲಿಸೆಕೆಂಡು ಮಾತ್ರ. ಹಾಗಾದರೆ ಉಳಿದ ತಡ ಎಲ್ಲಿಂದ ಬಂತು? ಉತ್ತರ ಪ್ರಸಾರದ ಚರಿತ್ರೆಯಲ್ಲಿದೆ.

1935ರ ಸೆಪ್ಟೆಂಬರ್ 10ರಂದು ಮನಃಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ಅವರು ಮೈಸೂರಿನ ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರ ಆರಂಭಿಸಿದರು. ರೇಡಿಯೋದ ಗುಣವೊಂದನ್ನು ಗಮನಿಸಿ. ಕೇಳುವವರು ಹತ್ತು ಮಂದಿಯಿರಲಿ, ಹತ್ತು ಸಾವಿರವಿರಲಿ, ಪ್ರೇಷಕದ ಕೆಲಸ ಹೆಚ್ಚುವುದಿಲ್ಲ. ತರಂಗ ಎಲ್ಲೆಡೆ ಹರಡಿರುತ್ತದೆ. ಆಂಟೆನಾ ಇದ್ದವರು ಹಿಡಿದುಕೊಳ್ಳುತ್ತಾರೆ.

ಅಂತರಜಾಲದ ರೀತಿ ಬೇರೆ. ಇಲ್ಲಿ ಸಾಮಾನ್ಯವಾಗಿ ಪ್ರತಿಯೊಬ್ಬ ವೀಕ್ಷಕನಿಗೂ ಒಂದೊಂದು ಪ್ರತ್ಯೇಕ ಪ್ರತಿ ಹೋಗಬೇಕು. 1995ರ ಸೆಪ್ಟೆಂಬರ್ 5ರಂದು ಅಮೆರಿಕದ ಸಿಯಾಟಲ್ ಮತ್ತು ನ್ಯೂಯಾರ್ಕ್ ತಂಡಗಳ ಬೇಸ್‌ಬಾಲ್ ಪಂದ್ಯದ ವೀಕ್ಷಕವಿವರಣೆ ರಿಯಲ್ ಆಡಿಯೋ ತಂತ್ರಾಂಶದ ಮೂಲಕ ಅಂತರಜಾಲದಲ್ಲಿ ನೇರವಾಗಿ ಪ್ರಸಾರವಾಯಿತು. ಆಗಿನ ಹಲವು ಮೋಡೆಮ್‌ಗಳ ವೇಗ ಸೆಕೆಂಡಿಗೆ 14.4 ಕಿಲೋಬಿಟ್ ಮಾತ್ರ, ಧ್ವನಿಗೇ ತೃಪ್ತಿಪಡಬೇಕಿತ್ತು.

2009ರಲ್ಲಿ ಆಪಲ್ ಸಂಸ್ಥೆ ಎಚ್‌ಎಲ್‌ಎಸ್ ಎಂಬ ವಿಧಾನವನ್ನು ತಂದಿತು. ನಡೆಯುತ್ತಿರುವ ಆಟದ ಚಿತ್ರವನ್ನು ಮೊದಲು ಸುಮಾರು 10 ಸೆಕೆಂಡಿನ ತುಂಡುಗಳಾಗಿ ಕತ್ತರಿಸಲಾಗುತ್ತಿತ್ತು. ಆ ತುಂಡುಗಳನ್ನು ಊರೂರಿನ ಸರ್ವರ್‌ಗಳಲ್ಲಿರಿಸಿ ಹತ್ತಿರದವರಿಗೆ ಹಂಚಬಹುದು. ಸಂಪರ್ಕ ಕುಂಟಿದರೂ ಚಿತ್ರ ನಿಲ್ಲದಂತೆ ಮೊಬೈಲು ಕೆಲವು ತುಂಡುಗಳನ್ನು ಮುಂಚೆಯೇ ಕೂಡಿಟ್ಟುಕೊಳ್ಳುತ್ತದೆ. ನಾವು ಹುಡುಕುತ್ತಿದ್ದ ತಡ ಬಹುಪಾಲು ಇಲ್ಲಿಯೇ ಇದೆ! ಅದು ದೂರದ ಬೆಲೆಯಲ್ಲ, ಹಂಚಿಕೆಯ ಬೆಲೆ.

2010ರ ಮಾರ್ಚ್ 12ರಂದು ಆರಂಭವಾದ ಐಪಿಎಲ್ ಪಂದ್ಯಗಳು ಯೂಟ್ಯೂಬ್‌ನಲ್ಲಿ ಬಂದವು. 2023ರ ನವೆಂಬರ್ 19ರ ವಿಶ್ವಕಪ್ ಫೈನಲನ್ನು ಹಾಟ್‌ಸ್ಟಾರ್‌ನಲ್ಲಿ ಒಂದೇ ಸಮಯಕ್ಕೆ ನೋಡುತ್ತಿದ್ದವರು ಗರಿಷ್ಠ 5.9 ಕೋಟಿ. ಒಬ್ಬೊಬ್ಬರಿಗೆ ಸೆಕೆಂಡಿಗೆ 2 ಮೆಗಾಬಿಟ್ ಎಂದಿಟ್ಟುಕೊಂಡರೂ ಒಟ್ಟು 11.8 ಕೋಟಿ ಮೆಗಾಬಿಟ್. ಯಾವ ಒಂದೇ ಸರ್ವರೂ ಈ ಭಾರ ಹೊರಲಾರದು.

ಈಗ ದಿಕ್ಕನ್ನು ಬದಲಿಸೋಣ. ಸೊಕ್ಕೆಯ ಶಾಲೆಯೊಂದು ತನ್ನ ಕಬಡ್ಡಿ ಪಂದ್ಯವನ್ನು ಲೋಕಕ್ಕೆ ತೋರಿಸಬೇಕೆನ್ನಿ. ಸ್ಪಷ್ಟ ಚಿತ್ರಕ್ಕೆ ಸೆಕೆಂಡಿಗೆ ಸುಮಾರು 2.5 ಮೆಗಾಬಿಟ್ ಸಾಕು. 100 ಮಂದಿಗೆ ನೇರವಾಗಿ ಮೊಬೈಲಿನಿಂದಲೇ ಕಳಿಸಲು 250 ಮೆಗಾಬಿಟ್ ಬೇಕಾಗುತ್ತದೆ, ಅದು ಆಗದ ಮಾತು. ಬದಲಿಗೆ ಒಂದೇ ಪ್ರತಿಯನ್ನು ಸರ್ವರಿಗೆ ಕಳಿಸಿದರೆ ಉಳಿದ ಪ್ರತಿಗಳನ್ನು ಅದೇ ಮಾಡಿ ಹಂಚುತ್ತದೆ. ಗಂಟೆಗೆ ಖರ್ಚಾಗುವ ದತ್ತಾಂಶ ಸುಮಾರು 1.1 ಗಿಗಾಬೈಟ್. ಆದರೆ ಎಚ್ಚರಿಕೆ: ಮೊಬೈಲ್ ಜಾಲದಲ್ಲಿ ಇಳಿಸಿಕೊಳ್ಳುವ ವೇಗಕ್ಕಿಂತ ಏರಿಸುವ ವೇಗ ಸಾಮಾನ್ಯವಾಗಿ ಕಡಿಮೆ. ಆದ್ದರಿಂದ ಹಿಂದಿನ ದಿನವೇ ಮೈದಾನದಲ್ಲಿ ನಿಂತು, ಪಂದ್ಯದ ಹೊತ್ತಿಗೇ, ಏರಿಸುವ ವೇಗವನ್ನು ಅಳೆಯಿರಿ. ಅಗತ್ಯದ ಇಮ್ಮಡಿ ಇದ್ದರೆ ನಿಶ್ಚಿಂತೆ.

1935ರಲ್ಲಿ ಮಾತು ದೂರ ಮುಟ್ಟಿಸಲು ಸ್ವಂತ ಪ್ರೇಷಕವೇ ಬೇಕಿತ್ತು. ಹಳ್ಳಿಗಳು ಬಹುಕಾಲ ಕೇಳುಗರಾಗಿಯೇ ಉಳಿದವು. ಇಂದು ಅವೂ ಪ್ರಸಾರಕರಾಗಬಲ್ಲವು; ಸೆಕೆಂಡಿಗೆ 2.5 ಮೆಗಾಬಿಟ್ ಮೇಲೇರಲು ದಾರಿ ಇರಬೇಕು, ಅಷ್ಟೆ.