ಐದು ಡಾಲರಿಗೆ ಹೋದ ಕೌದಿ

ನಮ್ಮವ್ವ ಕೌದಿ ಹೊಲಿಯುವಾಗ ಅದನ್ನ ಯಾರೂ ಕಲೆ ಅಂತ ಕರೀಲಿಲ್ಲ. ಹಳೇ ಸೀರೆ, ಹರಿದ ಅಂಗಿ, ಸೂಜಿ, ದಾರ. ಚಳಿಗೆ ಹೊದಿಕೆ, ಅಷ್ಟೇ ಅಂದ್ಕೊಂಡಿದ್ದೆ. ಅಮೆರಿಕದ ಕಪ್ಪು ಹೆಣ್ಣುಮಕ್ಕಳ ಕೌದಿಗಳ ಬಗ್ಗೆ ಓದಿದ ಮೇಲೆ ನನ್ನ ತಪ್ಪು ಗೊತ್ತಾಯ್ತು.

ಹ್ಯಾರಿಯೆಟ್ ಪವರ್ಸ್ ಹುಟ್ಟಿದ್ದು 1837ರಲ್ಲಿ, ಜಾರ್ಜಿಯಾದಲ್ಲಿ, ಗುಲಾಮಗಿರಿಯಲ್ಲಿ. ಗುಲಾಮರಿಗೆ ಅಕ್ಷರ ಕಲಿಸೋದೇ ಅಲ್ಲಿ ಅಪರಾಧ. ನಮಗೇನೂ ಹೊಸದಲ್ಲ ಬಿಡಿ. ಬಿಡುಗಡೆಯಾದ ಮೇಲೆ ಅವರು ಬೈಬಲ್ಲಿನ ಕಥೆಗಳನ್ನ ಬಟ್ಟೆಯಲ್ಲಿ ಕತ್ತರಿಸಿ ಹೊಲಿದರು. 1886ರಲ್ಲಿ ಅಥೆನ್ಸ್ ಊರಿನ ಹತ್ತಿ ಮೇಳದಲ್ಲಿ ಅದನ್ನ ನೋಡಿದ ಬಿಳಿಯ ಚಿತ್ರಕಲಾ ಶಿಕ್ಷಕಿಯೊಬ್ಬರು ಬೆಲೆ ಕೇಳಿದರು. ಹ್ಯಾರಿಯೆಟ್ ಕೊಡಲ್ಲ ಅಂದರು. ಕೆಲವು ವರ್ಷಗಳ ನಂತರ ಕಷ್ಟಕ್ಕೆ ಸಿಕ್ಕಿ, ಹತ್ತು ಡಾಲರ್ ಕೇಳಿ ಐದಕ್ಕೆ ಕೊಟ್ಟರು. ಕೊಡುವಾಗ ಒಂದೊಂದು ಚೌಕದ ಕಥೆಯನ್ನೂ ಹೇಳಿದರು; ಶಿಕ್ಷಕಿ ಬರೆದುಕೊಂಡರು. ಆಮೇಲೂ ತನ್ನ ಕೌದಿಯನ್ನ ನೋಡೋಕೆ ಹೋಗಿಬರ್ತಿದ್ದರು. ಇವತ್ತು ಅದು ಸ್ಮಿತ್‌ಸೋನಿಯನ್ ಮ್ಯೂಸಿಯಂನಲ್ಲಿದೆ.

ಅಲಬಾಮಾದ ಜೀಸ್ ಬೆಂಡ್ ಕೂಡ ಗುಲಾಮರ ಮಕ್ಕಳ ಊರು. ಅಲ್ಲಿ ಮಿಸ್ಸೂರಿ ಪೆಟ್‌ವೇ 1942ರಲ್ಲಿ ತೀರಿಹೋದ ಗಂಡನ ಕೆಲಸದ ಬಟ್ಟೆಗಳನ್ನೇ ಕೂಡಿಸಿ ಕೌದಿ ಹೊಲಿದರು. ಅದೇ ಊರಿನ ಜನ ಮತದಾರರ ಪಟ್ಟಿಗೆ ಹೆಸರು ಸೇರಿಸಲು ಹೊರಟಾಗ, 1962ರಲ್ಲಿ, ನದಿ ದಾಟಿಸುವ ದೋಣಿ ಸೇವೆಯನ್ನೇ ನಿಲ್ಲಿಸಲಾಯ್ತು. ಅದು ಮತ್ತೆ ಶುರುವಾಗಿದ್ದು 2006ರಲ್ಲಿ! ಅಷ್ಟರಲ್ಲಿ, 2002ರಲ್ಲೇ, ಅವರ ಕೌದಿಗಳು ಹ್ಯೂಸ್ಟನ್, ನ್ಯೂಯಾರ್ಕ್ ಮ್ಯೂಸಿಯಂಗಳ ಗೋಡೆ ಏರಿದ್ದವು. ಕೌದಿಗೆ ಸಿಕ್ಕ ದಾರಿ ಹೊಲಿದವರಿಗೆ ಸಿಕ್ಕಿರಲಿಲ್ಲ.

ಫೇತ್ ರಿಂಗೋಲ್ಡ್ (1930–2024) ಕಥೆ ಬೇರೆ. ಅವರ ಆತ್ಮಕಥೆಗೆ ಪ್ರಕಾಶಕರು ಸಿಗಲಿಲ್ಲ. ಸರಿ, 1983ರಿಂದ ಕೌದಿಯ ಮೇಲೇ ಚಿತ್ರ ಬರೆದು, ಪಕ್ಕದಲ್ಲಿ ಕಥೆಯನ್ನೂ ಬರೆಯತೊಡಗಿದರು. ಹ್ಯಾರಿಯೆಟ್ ಹೇಳಿದ್ದನ್ನ ಇನ್ನೊಬ್ಬರು ಬರೆದುಕೊಂಡರು. ಫೇತ್ ತಾವೇ ಬರೆದು ತಮ್ಮ ಹೆಸರು ಹಾಕಿದರು. ಈ ನಡುವಿನ ನೂರು ವರ್ಷ ಇದೆಯಲ್ಲ, ಅದೇ ಹೋರಾಟ.

ನಮ್ಮ ಉತ್ತರ ಕನ್ನಡದ ಸಿದ್ದಿ ಹೆಣ್ಣುಮಕ್ಕಳೂ ಆಫ್ರಿಕಾದಿಂದ ಬಂದವರ ಕುಡಿಗಳೇ. ಕೌದಿಯ ನಾಲ್ಕು ಮೂಲೆಗೂ ‘ಫೂಲ’ ಇಡದೆ ಅವರ ಕೆಲಸ ಮುಗಿಯಲ್ಲ. ಅಂಥ ಕೌದಿಗಳನ್ನ ನಾವು ‘ಜನಪದ’ ಅಂತ ಒಂದೇ ಗಂಟಿಗೆ ಕಟ್ಟಿ, ಹೊಲಿದ ಕೈಯ ಹೆಸರನ್ನೇ ಬಿಟ್ಟುಬಿಡ್ತೀವಿ.

ನಮ್ಮವ್ವನ ಕೌದಿ ಇನ್ನೂ ಟ್ರಂಕಿನಲ್ಲಿದೆ. ಯಾವ ತುಂಡು ಯಾರ ಸೀರೆ ಅಂತ ನಾನು ಕೇಳಲೇ ಇಲ್ಲ. ಈಗ ಹೇಳೋಕೆ ಅವ್ವ ಇಲ್ಲ. ನಿಮ್ಮ ಮನೇಲಿ ಅವ್ವ, ಅಜ್ಜಿ ಇದ್ದರೆ ಇವತ್ತೇ ಕೇಳಿ. ಬರೆದಿಡಿ. ಅವರ ಹೆಸರು ಹಾಕಿ ಬರೆದಿಡಿ.

ಜೈ ಭೀಮ್.