ಪಾಠೋಪಕರಣಗಳ ಚರಿತ್ರೆ

ವಿದ್ಯೆಯನ್ನು ಕಲಿಸುವವನು ಗುರು, ಕಲಿಯುವವನು ಶಿಷ್ಯ. ಇವರಿಬ್ಬರ ನಡುವೆ ನಿಂತು ಅಕ್ಷರವನ್ನು ಕಣ್ಣಿಗೆ ಕಾಣಿಸತಕ್ಕ ವಸ್ತುವೇ ಪಾಠೋಪಕರಣವು. ಗುರುಶಿಷ್ಯರ ಸಂಬಂಧವು ಪ್ರಾಚೀನ ಕಾಲದಿಂದ ಒಂದೇ ಬಗೆಯಾಗಿರಲು, ಉಪಕರಣವು ಮಾತ್ರ ಕಾಲಕಾಲಕ್ಕೆ ರೂಪಾಂತರವನ್ನು ಹೊಂದುತ್ತ ಬಂದಿರುವುದು. ಈಗ ಶಾಲೆಗಳಲ್ಲಿ ಗಣಕಯಂತ್ರವೂ ಅಂತರ್ಜಾಲವೂ ಮೊಬೈಲ್ ಫೋನೂ ಪಾಠಕ್ಕೆ ಒದಗಿರುವುವು. ಇವುಗಳಿಂದ ವಿದ್ಯೆಯು ಬೆಳೆಯುವುದೆಂದು ಕೆಲವರೂ, ಕೆಡುವುದೆಂದು ಕೆಲವರೂ ವಾದಿಸುವರು. ಈ ವಾದವನ್ನು ತೀರ್ಮಾನಿಸುವುದಕ್ಕೆ ಮೊದಲು ಹಿಂದಿನ ಚರಿತ್ರೆಯನ್ನು ಸ್ವಲ್ಪವಾದರೂ ವಿಚಾರಿಸುವುದು ಯುಕ್ತವು.

ನಮ್ಮ ಹಿರಿಯರು ಓದಿದ ಪಾಠಶಾಲೆಗೆ ಕೂಲಿಮಠವೆಂದೂ ಐಗಳ ಮಠವೆಂದೂ ಹೆಸರು. ಊರ ಗುಡಿಯ ಅಂಗಳ, ಮಠದ ಪಡಸಾಲೆ, ದೊಡ್ಡ ಮನೆಯ ಜಗಲಿ ಇವೇ ಶಾಲೆಯ ಕಟ್ಟಡಗಳು. ಅನೇಕ ಗ್ರಾಮಗಳಲ್ಲಿ ಜಂಗಮರೇ ಐಗಳಾಗಿದ್ದರು. ಮಗುವು ಮೊದಲು ಮರಳಿನ ಮೇಲೆ ಬೆರಳಿನಿಂದ ಅಕ್ಷರವನ್ನು ತಿದ್ದುವುದು. ಕೈ ಪಳಗಿದ ತರುವಾಯ ಹಲಗೆ ಮತ್ತು ಕಡತ. ಅದಾದ ಮೇಲೆ ಓಲೆಗರಿ ಮತ್ತು ಕಬ್ಬಿಣದ ಕಂಟ. ಬಟ್ಟೆಗೆ ಹುಣಿಸೆಬೀಜದ ಅಂಟನ್ನೂ ಇದ್ದಲಿನ ಪುಡಿಯನ್ನೂ ಬಳಿದು, ಒಣಗಿಸಿ, ಮಡಿಕೆ ಮಾಡಿದುದೇ ಕಡತವು. ಅದರ ಮೇಲೆ ಬಳಪದಿಂದ ಬರೆದು, ಬೇಡವಾದಾಗ ಅಳಿಸಿ, ಪುನಃ ಬರೆಯುವರು. ಬರೆದು ಅಳಿಸಬಹುದಾದ ಈಗಿನ ಫಲಕಗಳ ಗುಣವು ಅಂದಿನ ಕಡತದಲ್ಲಿಯೇ ಇದ್ದಿತೆಂಬುದನ್ನು ವಾಚಕರು ಗಮನಿಸಬೇಕು.

ಈ ಶಾಲೆಗಳ ವೃತ್ತಾಂತವು ನಮಗೆ ಲಿಖಿತವಾಗಿ ದೊರೆತಿರುವುದು. ಮದ್ರಾಸಿನ ಗವರ್ನರಾಗಿದ್ದ ಸರ್ ಥಾಮಸ್ ಮನ್ರೋ ಎಂಬವರು 1822ರಲ್ಲಿ ದೇಶೀಯ ಶಾಲೆಗಳ ಲೆಕ್ಕವನ್ನು ಕಲೆಕ್ಟರುಗಳಿಂದ ತರಿಸಲು, ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಬೆಲ್ ಎಂಬವರು 1823ರಲ್ಲಿ ತಮ್ಮ ವರದಿಯನ್ನು ಒಪ್ಪಿಸಿದರು. ಆ ಜಿಲ್ಲೆಯಲ್ಲಿ 533 ಶಾಲೆಗಳೂ 6,641 ವಿದ್ಯಾರ್ಥಿಗಳೂ ಇದ್ದರು. ಶಾಲೆಗಳ ಪೈಕಿ 235 ಕನ್ನಡ ಶಾಲೆಗಳು. ಲಿಂಗಧಾರಿಗಳ ಮಕ್ಕಳು ಬಸವಪುರಾಣ, ಚೆನ್ನಬಸವಪುರಾಣ, ಗಿರಿಜಾಕಲ್ಯಾಣ, ಅನುಭವಾಮೃತ, ರಾಘವಾಂಕನ ಕಾವ್ಯ ಇವುಗಳನ್ನು ಓದುತ್ತಿದ್ದರೆಂದು ಆತನು ಹೆಸರಿಸಿ ಬರೆದಿರುವನು. ಮುಂದಿನ ತರಗತಿಯ ಹುಡುಗರು ಹಿಂದಿನವರಿಗೆ ಪಾಠ ಹೇಳಿಕೊಡುವ ಪದ್ಧತಿಯನ್ನು ಆತನು ಬಹಳವಾಗಿ ಮೆಚ್ಚಿ, ಇಂಗ್ಲೆಂಡು ಇದನ್ನು ಅನುಸರಿಸಿದುದು ಯೋಗ್ಯವೇ ಸರಿ ಎಂದನು. ಆದರೆ ಒಂದು ದೋಷವನ್ನೂ ಎತ್ತಿ ತೋರಿಸಿದನು: ಮಕ್ಕಳು ಪದ್ಯಗಳನ್ನು ಗಿಳಿಯಂತೆ ಒಪ್ಪಿಸುವರೇ ಹೊರತು ಅರ್ಥವನ್ನು ಅರಿಯರು. ಈ ಮಾತು ನಮಗೆ ಕಹಿಯಾದರೂ ಸುಳ್ಳಲ್ಲ. ಉಪಕರಣವು ಎಷ್ಟು ಚೆನ್ನಾಗಿದ್ದರೂ ಅರ್ಥವನ್ನು ಬಿಡಿಸಿ ಹೇಳುವವರಿಲ್ಲದಿದ್ದರೆ ಓದು ಬರಿಯ ಶಬ್ದವಾಗುವುದು.

ನಂದಿಯ ಸೀಮೆಯೂ ವಿದ್ಯೆಯ ಚರಿತ್ರೆಗೆ ಹೊರತಾದುದಲ್ಲ. ನಂದಿಬೆಟ್ಟದ ಸಮೀಪದ ಮುದ್ದೇನಹಳ್ಳಿಯಲ್ಲಿ ಜನಿಸಿ ಚಿಕ್ಕಬಳ್ಳಾಪುರದಲ್ಲಿ ಪ್ರಾರಂಭದ ವಿದ್ಯೆಯನ್ನು ಪಡೆದ ಸರ್ ಎಂ. ವಿಶ್ವೇಶ್ವರಯ್ಯನವರು ಮೈಸೂರಿನ ದಿವಾನರಾಗಿದ್ದಾಗಲೇ, 1913ರಲ್ಲಿ, ಪ್ರಾಥಮಿಕ ಶಿಕ್ಷಣದ ಕಾನೂನು ಸಂಸ್ಥಾನದಲ್ಲಿ ಹುಟ್ಟಿತು. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಬಡ ಬಾಲಕರಾದ ಎಚ್. ನರಸಿಂಹಯ್ಯನವರು 1935ರಲ್ಲಿ ಹೈಸ್ಕೂಲು ವಿದ್ಯೆಗೋಸ್ಕರ ಬೆಂಗಳೂರಿಗೆ ಕಾಲ್ನಡಿಗೆಯಲ್ಲಿ ಹೋದರು; ಮುಂದೆ ಭೌತಶಾಸ್ತ್ರದ ಅಧ್ಯಾಪಕರಾಗಿ, ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿ, ಪ್ರಶ್ನೆ ಕೇಳುವುದೇ ವಿದ್ಯೆಯ ಮೂಲವೆಂದು ಜೀವಮಾನವೆಲ್ಲ ಬೋಧಿಸಿದರು. ಅದೇ 1935ರಲ್ಲಿ ಮೈಸೂರಿನ ಪ್ರಾಧ್ಯಾಪಕರಾದ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ಪ್ರಾರಂಭಿಸಿದ ರೇಡಿಯೋ ಕೇಂದ್ರಕ್ಕೆ ‘ಆಕಾಶವಾಣಿ’ ಎಂಬ ಹೆಸರು ನಿಂತಿತು. ಬೋಧಕನ ಧ್ವನಿಯು ಊರನ್ನು ದಾಟಿ ಹೋಗುವ ಕಾಲವು ಹೀಗೆ ಬಂದಿತು.

ಧ್ವನಿಯ ಹಿಂದೆ ಚಿತ್ರವೂ ಬಂದಿತು. 1975ರ ಆಗಸ್ಟ್ 1ರಿಂದ ಒಂದು ವರ್ಷದ ಕಾಲ, ಅಮೆರಿಕೆಯ ಉಪಗ್ರಹವೊಂದರ ಸಹಾಯದಿಂದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ದೂರದರ್ಶನವನ್ನು ಕೊಡಲಾಯಿತು. ನಮ್ಮ ರಾಜ್ಯದಲ್ಲಿ ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳ ಮಕ್ಕಳು ಬೆಳಗಿನ ಹೊತ್ತು ಶಾಲೆಯಲ್ಲಿಯೇ ಕನ್ನಡದ ಪಾಠಗಳನ್ನು ನೋಡಿದರು. ವರ್ಷವು ಮುಗಿಯಲು ಉಪಗ್ರಹವೂ ಹಿಂದಿರುಗಿತು. 2004ರ ಸೆಪ್ಟೆಂಬರ್ 20ರಂದು ಭಾರತವು ಶಿಕ್ಷಣಕ್ಕೆಂದೇ ಎಜುಸ್ಯಾಟ್ ಎಂಬ ಉಪಗ್ರಹವನ್ನು ಹಾರಿಸಿತು. ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳಿಗೂ ಅದರಿಂದ ಪಾಠಗಳು ಬಂದುವು. 2010ರಲ್ಲಿ ಅದರ ಆಯುಷ್ಯವೂ ತೀರಿತು. 2017ರಲ್ಲಿ ದೀಕ್ಷಾ ಎಂಬ ಅಂತರ್ಜಾಲದ ಭಂಡಾರವು ಆರಂಭವಾಯಿತು. ಪಠ್ಯಪುಸ್ತಕದಲ್ಲಿ ಅಚ್ಚಾದ ಚೌಕಾಕಾರದ ಸಂಕೇತಕ್ಕೆ ಫೋನನ್ನು ಹಿಡಿದರೆ ಪಾಠದ ಚಿತ್ರವೂ ವಿವರಣೆಯೂ ತೆರೆಯುವುವು.

ಇವೆಲ್ಲಕ್ಕೂ ಪರೀಕ್ಷೆಯು ಒದಗಿದುದು 2020ರಲ್ಲಿ. ಮಹಾಮಾರಿಯಿಂದ ಶಾಲೆಗಳು ಮುಚ್ಚಲು, ಸರ್ಕಾರವು ದೂರದರ್ಶನದ ಚಂದನ ವಾಹಿನಿಯಲ್ಲಿ ‘ಸಂವೇದ’ ಎಂಬ ಪಾಠಗಳನ್ನು ಬಿತ್ತರಿಸಿತು. ಆದರೆ ಫೋನಾಗಲಿ ದೂರದರ್ಶನವಾಗಲಿ ಇಲ್ಲದ ಮನೆಯ ಮಕ್ಕಳ ಗತಿಯೇನು? ಆಗ ‘ವಿದ್ಯಾಗಮ’ ಎಂಬ ಯೋಜನೆಯಂತೆ ಉಪಾಧ್ಯಾಯರೇ ಮಕ್ಕಳ ಬಳಿಗೆ ಹೊರಟರು. ಗುಡಿಯ ಅಂಗಳದಲ್ಲಿಯೂ ಮರದ ನೆರಳಿನಲ್ಲಿಯೂ ಜಗಲಿಯ ಮೇಲೆಯೂ ಪಾಠಗಳು ನಡೆದುವು. ರೋಗವು ಉಪಾಧ್ಯಾಯರನ್ನೂ ಮಕ್ಕಳನ್ನೂ ಮುಟ್ಟಲು, ಅಕ್ಟೋಬರಿನಲ್ಲಿ ಅದನ್ನು ನಿಲ್ಲಿಸಬೇಕಾಯಿತು. ಆದರೂ ಯಂತ್ರವು ತಲಪದ ಕಡೆಗೆ ಐಗಳ ಮಠದ ಜಗಲಿಯೇ ಮರಳಿ ಬಂದಿತೆಂಬುದು ಮರೆಯತಕ್ಕ ಸಂಗತಿಯಲ್ಲ.

ಈ ಚರಿತ್ರೆಯಿಂದ ತಿಳಿಯುವುದೇನೆಂದರೆ, ಉಪಕರಣವು ಶತ್ರುವೂ ಅಲ್ಲ, ಗುರುವೂ ಅಲ್ಲ. ಓಲೆಗರಿಗಳಲ್ಲಿ ಮಲಗಿದ್ದ ವಚನಗಳನ್ನು ಫ. ಗು. ಹಳಕಟ್ಟಿಯವರು ಸಂಗ್ರಹಿಸಿ 1923ರಲ್ಲಿ ವಚನಶಾಸ್ತ್ರಸಾರವನ್ನು ಅಚ್ಚು ಹಾಕಿಸದಿದ್ದರೆ ಅವು ಜನರ ಕೈಸೇರುತ್ತಿರಲಿಲ್ಲ. ಇಂದು ಅಂತರ್ಜಾಲದ ‘ವಚನ ಸಂಚಯ’ದಲ್ಲಿ ಯಾವ ಬಾಲಕನಾದರೂ ಒಂದು ಶಬ್ದವನ್ನು ಕೊಟ್ಟು ಅದು ಬಂದಿರುವ ವಚನಗಳನ್ನು ಕ್ಷಣಮಾತ್ರದಲ್ಲಿ ಹುಡುಕಬಲ್ಲನು. ಇದು ಮಹೋಪಕಾರವೇ ಸರಿ. ಆದರೆ ಸಿಕ್ಕಿದ ವಚನದ ಅರ್ಥವನ್ನು ಕೇಳಿ, ಅದನ್ನು ನಡೆಗೆ ತಂದುಕೊಳ್ಳುವಂತೆ ಮಾಡುವವನು ಗುರುವೇ. ಕ್ಯಾಂಬೆಲ್ಲನು ಕಂಡ ಗಿಳಿಪಾಠವು ಕಡತದಲ್ಲಿ ಹೇಗೋ ಗಾಜಿನ ಫಲಕದಲ್ಲಿಯೂ ಹಾಗೆಯೇ ಸಂಭವಿಸಬಹುದು.

ಆದುದರಿಂದ ಸದ್ಭಕ್ತರು ತಮ್ಮ ಊರಿನ ಶಾಲೆಗೆ ಯಂತ್ರವನ್ನು ದಾನಮಾಡುವಾಗ ಎರಡು ಸಂಗತಿಗಳನ್ನು ವಿಚಾರಿಸಬೇಕು: ಅದನ್ನು ಬಳಸಿ ಅರ್ಥ ಹೇಳುವ ಉಪಾಧ್ಯಾಯರು ಅಲ್ಲಿರುವರೇ? ಅತ್ಯಂತ ಬಡ ಮನೆಯ ಮಗುವಿಗೂ ಅದು ದೊರೆಯುವುದೇ? ಈ ಎರಡಕ್ಕೂ ಅಹುದೆಂಬ ಉತ್ತರವು ಬಂದಲ್ಲಿ ಆ ದಾನವು ವಿದ್ಯಾದಾನವಾಗುವುದು. ಇಲ್ಲವಾದರೆ ಅದು ಕೇವಲ ವಸ್ತುದಾನವು.