ಎರೆ ಮತ್ತು ಎರಕ

ಕನ್ನಡದಲ್ಲಿ ‘ಎರೆ’ ಎಂದರೆ ಗಾಳಕ್ಕೆ ಸಿಕ್ಕಿಸುವ ಹುಳು. ‘ಎರೆ’ ಎಂದರೆ ಹೊಯ್ಯುವುದೂ ಹೌದು. ತಲೆಗೆ ನೀರೆರೆಯುತ್ತೇವೆ, ಕಾವಲಿಯ ಮೇಲೆ ದೋಸೆ ಎರೆಯುತ್ತೇವೆ. ಕರಗಿದ ಲೋಹವನ್ನು ಅಚ್ಚಿಗೆ ಎರೆದರೆ ಅದು ಎರಕ. ಈ ಎರಡು ಮಾತುಗಳಿಗೆ ಮೂಲದಲ್ಲಿ ನಂಟು ಉಂಟೆಂದು ವಾದಿಸಲು ನಾನು ಹೊರಟಿಲ್ಲ. ಭಾಷಾಶಾಸ್ತ್ರಜ್ಞರು ಕಿವಿ ಹಿಂಡಿಯಾರು. ಆದರೆ ಹೋದ ಮಾಗಿಯ ಒಂದು ಬೆಳಗ್ಗೆ, ಜಕ್ಕೂರಿನ ಹಳೆಯ ಊರೊಳಗಿನ ಒಂದು ಹಿತ್ತಿಲಿನಲ್ಲಿ, ಎರಡು ಎರೆಗಳನ್ನೂ ಒಂದೇ ಕಡೆ ಕಂಡೆ. ಒಂದು ಡಬ್ಬಿಯಲ್ಲಿ ಮಣ್ಣುಹುಳು. ಪಕ್ಕದಲ್ಲಿ ಇದ್ದಿಲ ಒಲೆ, ಅದರ ಮೇಲೆ ಕಬ್ಬಿಣದ ಸೌಟು, ಸೌಟಿನೊಳಗೆ ಕನ್ನಡಿಯಂತೆ ಹೊಳೆಯುವ ಸೀಸ.

ಜಕ್ಕೂರು ಎಂದೊಡನೆ ಬೆಂಗಳೂರಿನವರಿಗೆ ನೆನಪಾಗುವುದು 1949ರಲ್ಲಿ ಆರಂಭವಾದ ವಿಮಾನ ತರಬೇತಿ ಶಾಲೆ. ಊರಿಗೆ ಅದಕ್ಕಿಂತ ಹಳೆಯ ಆಸ್ತಿ ಅದರ ಕೆರೆ, ಸುಮಾರು 160 ಎಕರೆಯದು. ಈಗ ಅದಕ್ಕೆ ಬಹುಪಾಲು ನೀರು ಬರುವುದು ನಗರದ ಕೊಳಚೆಯನ್ನು ಶುದ್ಧೀಕರಿಸಿ, ಜೊಂಡಿನ ನಡುವೆ ಹಾಯಿಸಿದ ಮೇಲೆ. ಆ ನೀರಿನಲ್ಲಿ ಕಾಟ್ಲಾ, ರೋಹುಗಳು ಕೊಬ್ಬುತ್ತವೆ. ಅವನ್ನು ಹುಡುಕಿಕೊಂಡು ಹೆಜ್ಜಾರ್ಲೆ, ನೀರುಕಾಗೆ, ಬಣ್ಣದ ಕೊಕ್ಕರೆಗಳು ಬರುತ್ತವೆ. ಬಲೆ ಹೊತ್ತ ಮನುಷ್ಯರೂ ಬರುತ್ತಾರೆ.

ನಾನು ಕಂಡ ಯಜಮಾನರಿಗೆ ಎಪ್ಪತ್ತು ದಾಟಿದೆ. ಬೀಸುಬಲೆಯ ಅಂಚಿಗೆ ಕೋಯುವ ಸೀಸದ ಗುಂಡುಗಳನ್ನು ಅವರು ಮನೆಯಲ್ಲೇ ಎರೆಯುತ್ತಾರೆ. ಬಲೆ ನೀರಿನ ಮೇಲೆ ಹೂವಿನಂತೆ ಅರಳಿ ಬಿದ್ದರೆ ಸಾಲದು. ಮೀನು ಎಚ್ಚರಗೊಳ್ಳುವ ಮುನ್ನ ಅಂಚು ತಳ ಮುಟ್ಟಬೇಕು. ಹಿಂದಿನವರು ಇದಕ್ಕೆ ಸುಟ್ಟ ಮಣ್ಣಿನ ಗುಂಡು ಕಟ್ಟುತ್ತಿದ್ದರು. ಸಿಂಧೂ ಕಣಿವೆಯ ಊರುಗಳ ಅವಶೇಷಗಳಲ್ಲೂ ಅಂಥವು ಸಿಕ್ಕಿವೆ. ಸೀಸ ನೀರಿಗಿಂತ ಹನ್ನೊಂದು ಪಟ್ಟಿಗೂ ಮಿಕ್ಕಿ ತೂಕದ್ದು, ಕರಗುವುದು ಮಾತ್ರ 327 ಡಿಗ್ರಿಗೇ. ಅಡಿಗೆಮನೆಯ ಬೆಂಕಿಗೆ ಮಣಿಯುವ ಲೋಹ. ಅದರ ಗುಣವೂ ದೋಷವೂ ಅದೇ.

ಅವರ ಅಚ್ಚನ್ನು ನೋಡಿ ನನಗೆ ಬೇಲೂರು ನೆನಪಾಯಿತು ಎಂದರೆ ಓದುಗರು ನಗಬಾರದು. ಅದು ಬಳಪದ ಕಲ್ಲಿನ ಎರಡು ಹಲಗೆ. ಹೊಯ್ಸಳರ ಶಿಲ್ಪಿಗಳು ಉಳಿಯಿಟ್ಟದ್ದೂ ಇದೇ ಜಾತಿಯ ಕಲ್ಲಿಗೆ, ನಾವು ಸ್ಲೇಟಿನ ಮೇಲೆ ಅಕ್ಷರ ತಿದ್ದಿದ್ದೂ ಇದರ ತುಂಡಿನಿಂದಲೇ. ಚಾಕುವಿಗೆ ಕೆತ್ತಲು ಬರುವಷ್ಟು ಮೆತು. ಬಿಸಿಗೆ ಬಿರಿಯದಷ್ಟು ಗಟ್ಟಿ. ಎರಡು ಹಲಗೆಗಳಲ್ಲೂ ಅರ್ಧರ್ಧ ಗುಂಡಿನ ಗುಳಿ, ಮೇಲಿನಿಂದ ಸೀಸ ಇಳಿಯಲು ಕೊಳವೆಯಂಥ ಕಾಲುವೆ, ಹಲಗೆಗಳು ಜಾರದಂತೆ ಎರಡು ಮೊಳೆ. ಗುಂಡಿನ ನಡುವೆ ದಾರ ಹಾಯಲು ತೂತು ಬೇಕಲ್ಲ? ಅದಕ್ಕೆ ಸೈಕಲ್ ಚಕ್ರದ ಕಡ್ಡಿಯನ್ನು ಪೆನ್ಸಿಲ್ಲಿನಿಂದ ಉಜ್ಜಿ ಅಡ್ಡಲಾಗಿ ಇಡುತ್ತಾರೆ. ಎರಕ ಆರಿದ ಮೇಲೆ ಕಡ್ಡಿಯನ್ನು ತಿರುಚಿ ಎಳೆದರೆ ತೂತು ಉಳಿಯುತ್ತದೆ. ನಗರದ ಹುಡುಗರು ಕೇಳಿದರೆ ಇನ್ನೊಂದು ಅಚ್ಚಿನಲ್ಲಿ ಗಾಳದ ಕೊಕ್ಕೆಯನ್ನೇ ಮಲಗಿಸಿ ಕುತ್ತಿಗೆಯ ಸುತ್ತ ಸೀಸ ಎರೆದು ‘ಜಿಗ್’ ಮಾಡಿಕೊಡುವುದೂ ಉಂಟು.

ಮೊದಲು ಅಚ್ಚಿನ ಒಳಮೈಗೆ ದೀಪದ ಮಸಿ ಹಿಡಿಸಿದರು. ಸೀಸ ಸರಾಗವಾಗಿ ಹರಿಯಲು ಅದೊಂದು ಉಪಾಯ. ಆಮೇಲೆ ಹಲಗೆಗಳನ್ನು ಒಲೆಯ ಬದಿಗೆ ಇಟ್ಟು ಬಹಳ ಹೊತ್ತು ಕಾಯಿಸಿದರು. ನಾನು ಬಾಗಿ ನೋಡಹೋದೆ.

‘ಅತ್ಲಾಗೆ ನಿಂತ್ಕೊಳಿ ಮೇಷ್ಟ್ರೇ. ಕಲ್ಲಲ್ಲಿ ಒಂದು ತೊಟ್ಟು ನೀರಿದ್ರೆ ಸಾಕು, ಮಕಕ್ಕೇ ಹಾರ್ತದೆ.’

ತೇವ ಒಮ್ಮೆಗೇ ಆವಿಯಾಗಿ ಕಾದ ಸೀಸವನ್ನು ಸಿಡಿಸುತ್ತದೆ. ಅವರ ಎಡಗೈ ಮೇಲಿನ ಹಳೆಯ ಕಲೆಗಳೇ ಅದಕ್ಕೆ ಸಾಕ್ಷಿ. ಸೌಟಿಗೆ ಒಂದು ಚೂರು ಮೇಣ ಹಾಕಿ ಕಲಕಿ, ಮೇಲೆ ತೇಲಿದ ಕಿಟ್ಟವನ್ನು ಬದಿಗೆ ತೆಗೆದು, ಒಂದೇ ಧಾರೆಯಲ್ಲಿ ಎರೆದರು. ಮೊದಲ ಮೂರು ಗುಂಡು ಅರೆಬರೆಯಾಗಿ ಬಂದು ಮತ್ತೆ ಸೌಟಿಗೇ ಹೋದವು. ಅಚ್ಚು ಚೆನ್ನಾಗಿ ಬಿಸಿಯೇರಿದ ಮೇಲೆ ನಾಲ್ಕನೆಯದು ನೇರಳೆ ಹಣ್ಣಿನ ಹಾಗೆ ಬಂತು.

ಎರಕವನ್ನೂ ಮೀನುಬೇಟೆಯನ್ನೂ ಒಂದೇ ಗ್ರಂಥದಲ್ಲಿ ಬರೆದಿಟ್ಟ ಅರಸನೊಬ್ಬ ನಮ್ಮ ನಾಡಿನಲ್ಲೇ ಇದ್ದ. ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರ. ಆಳಿದ್ದು 1126ರಿಂದ 1138ರವರೆಗೆ. ಅವನ ಸಂಸ್ಕೃತ ‘ಮಾನಸೋಲ್ಲಾಸ’ದ ನೂರು ಅಧ್ಯಾಯಗಳಲ್ಲಿ ಒಂದು ಮತ್ಸ್ಯವಿನೋದ. ಕಡಲ ಮೀನು ಯಾವುದು, ಹೊಳೆಯ ಮೀನು ಯಾವುದು, ಯಾವ ಮೀನಿಗೆ ಯಾವ ಎರೆ, ದಾರ ಹೇಗಿರಬೇಕು, ಕೋಲು ಹೇಗಿರಬೇಕು ಎಂಬುದೆಲ್ಲ ಅಲ್ಲಿದೆ. ಮೀನುಶಾಸ್ತ್ರಜ್ಞ ಸುಂದರಲಾಲ್ ಹೋರಾ 1951ರಲ್ಲಿ ಇದರ ಮೇಲೆ ಲೇಖನ ಬರೆದು ವಿಜ್ಞಾನಿಗಳ ಗಮನ ಸೆಳೆದರು. ಅದೇ ಗ್ರಂಥದ ಇನ್ನೊಂದೆಡೆ ಮೇಣದ ಅಚ್ಚಿನಿಂದ ವಿಗ್ರಹ ಎರೆಯುವ ವಿಧಾನ ಉಂಟು: ಮೇಣದ ಗೊಂಬೆಯ ಮೇಲೆ ಮಣ್ಣು ಮೆತ್ತಿ, ಒಣಗಿಸಿ, ಕಾಯಿಸಿ, ಮೇಣ ಹೊರಹರಿದ ಮೇಲೆ ಲೋಹ ಎರೆಯುವುದು. ಬೇಕಾಗುವ ಲೋಹದ ಲೆಕ್ಕವನ್ನು ಮೇಣದ ತೂಕದಿಂದಲೇ ಹೇಳುತ್ತಾನೆ. ತಾಮ್ರಕ್ಕೊಂದು ಪ್ರಮಾಣ, ಬೆಳ್ಳಿಗೊಂದು, ಚಿನ್ನಕ್ಕೊಂದು. ಅರಸನಿಗೆ ಬಡ ಸೀಸದ ಗೊಡವೆ ಏಕೆ? ಆದರೆ ಅವನಿಗಿಂತ ಸಾವಿರ ವರ್ಷ ಹಿಂದೆ ಕನ್ನಡ ನಾಡಿನ ಅರಸರು ಸೀಸವನ್ನು ಕೀಳೆಂದು ಎಣಿಸಿರಲಿಲ್ಲ. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಸಿಕ್ಕ ಸದಕನ ಕಳಲಾಯ ಮಹಾರಥಿಯ ನಾಣ್ಯ, ಕಾರವಾರದ ಕಡೆ ಸಿಕ್ಕ ಚುಟುಗಳ ನಾಣ್ಯ, ಎರಡೂ ಸೀಸದವು.

ಇಷ್ಟೆಲ್ಲ ಯೋಚಿಸುತ್ತ ನಿಂತವನು, ಯಜಮಾನರು ಸೌಟಿಗೆ ಮತ್ತೆ ಲೋಹ ಹಾಕಲು ತಗಡಿನ ಡಬ್ಬಿ ಬಗ್ಗಿಸಿದಾಗ ಬೆಚ್ಚಿದೆ. ಒಳಗೆ ಇದ್ದದ್ದು ಅಚ್ಚುಮೊಳೆಗಳು. ಕನ್ನಡ ಅಕ್ಷರಗಳು.

ಅವರು ಮೂವತ್ತು ವರ್ಷ ಪೇಟೆಯ ಒಂದು ಮುದ್ರಣಾಲಯದಲ್ಲಿ ಮೊಳೆ ಜೋಡಿಸಿದವರು. ಆಫ್‌ಸೆಟ್ ಬಂದಿತು, ಮುದ್ರಣಾಲಯ ಮುಚ್ಚಿತು. ಬಾಕಿ ಸಂಬಳಕ್ಕೆ ಬದಲು ಮಾಲೀಕರು ಮೊಳೆಗಳನ್ನು ತೂಗಿ ಕೊಟ್ಟರು. ‘ಇದು ಬರೀ ಸೀಸಕ್ಕಿಂತ ಚೆಂದಾಗಿ ಬರ್ತದೆ ಮೇಷ್ಟ್ರೇ, ಮೂಲೆ ಮೂಲೆಗೂ ತುಂಬ್ಕೊತದೆ’ ಎಂದರು. ಮಾತು ನಿಜ. ಮೊಳೆಯ ಲೋಹದಲ್ಲಿ ಸೀಸದ ಜೊತೆ ಆಂಟಿಮನಿ, ತವರ ಸೇರಿರುತ್ತವೆ. ಬರಿಯ ಸೀಸ ಆರುವಾಗ ಕುಗ್ಗುತ್ತದೆ. ಆಂಟಿಮನಿ ಆ ಕುಗ್ಗುವಿಕೆಯನ್ನು ತಗ್ಗಿಸುತ್ತದೆ, ಗಟ್ಟಿತನವನ್ನೂ ಕೊಡುತ್ತದೆ. ಅಕ್ಷರದ ಒತ್ತು, ದೀರ್ಘ, ಕೊಂಬುಗಳು ಚೂಪಾಗಿ ಮೂಡಲೆಂದು ಮಾಡಿದ ಮಿಶ್ರಣ ಗುಂಡಿಗೂ ಒದಗಿತು.

ವಿಲಿಯಂ ಕೇರಿಯ ಕನ್ನಡ ವ್ಯಾಕರಣ ಶ್ರೀರಾಂಪುರದಲ್ಲಿ ಅಚ್ಚಾದದ್ದು 1817ರಲ್ಲಿ. ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯ ಹುಟ್ಟಿದ್ದು 1841ರಲ್ಲಿ. ಕಿಟೆಲ್ ಕೋಶ ಅಲ್ಲಿಂದ ಹೊರಬಂದದ್ದು 1894ರಲ್ಲಿ. ಅದೇ ಮಂಗಳೂರಿನಲ್ಲಿ 1873ರಲ್ಲಿ, ದಕ್ಷಿಣ ಕನ್ನಡದಲ್ಲಿ ಕಲೆಕ್ಟರಾಗಿದ್ದ ಎಚ್. ಎಸ್. ಥಾಮಸ್ ‘ದಿ ರಾಡ್ ಇನ್ ಇಂಡಿಯಾ’ ಎಂಬ ಗಾಳದ ಪುಸ್ತಕ ಪ್ರಕಟಿಸಿದ. ಸೀಸದ ಮೊಳೆಗಳು ಮೀನಿನ ಪುಸ್ತಕವನ್ನು ಅಚ್ಚುಹಾಕಿದ್ದ ಕಾಲ ಅದು. ಜಕ್ಕೂರಿನಲ್ಲಿ ನಾನು ಕಂಡದ್ದು ಅದರ ತಿರುಗುಮುರುಗು.

ಮೇಷ್ಟರ ಸಂಕಟ ಮೇಷ್ಟರಿಗೆ. ಡಬ್ಬಿಯಲ್ಲಿ ಕೈಯಾಡಿಸಿ ಒಂದು ಮೊಳೆ ಎತ್ತಿಕೊಂಡೆ. ‘ಅದ್ಯಾವ ಅಕ್ಷರವೋ, ನಾನಂತೂ ಒಂದು ದಿನಾನೂ ಜೋಡಿಸ್ಲಿಲ್ಲ’ ಎಂದರು. ಅದು ಹಳಗನ್ನಡದ ಶಕಟರೇಫ, ‘ಱ’. ಹೊಯ್ಯುವ ಅರ್ಥದ ಎರೆ ಹಿಂದೆ ‘ಎಱೆ’ ಆಗಿತ್ತೆಂದು ಹೇಳಹೊರಟೆ. ಅವರು ತಾಳ್ಮೆಯಿಂದ ಕೇಳಿ, ‘ಇಟ್ಕೊಳಿ’ ಎಂದರು.

ನಾನು ಹೇಳಲೇಬೇಕಾಗಿದ್ದ ಮಾತು ಬೇರೆ ಇತ್ತು. ಒಲೆಯಿಂದ ಮಾರುದೂರದಲ್ಲಿ ಅವರ ಮೊಮ್ಮಗ, ಐದು ವರ್ಷದವನು, ಆರಿದ ಗುಂಡುಗಳನ್ನು ಗೋಲಿಯಂತೆ ಆಡುತ್ತಿದ್ದ. ಸೀಸ ವಿಷ, ಅದರ ಹೊಗೆಯೂ ಧೂಳೂ ಮಕ್ಕಳ ಮಿದುಳಿಗೆ ಮಾಡುವ ಹಾನಿ ಮರಳಿ ಸರಿಹೋಗುವಂಥದಲ್ಲ. ನಮ್ಮ ಪೆಟ್ರೋಲಿನಿಂದ ಸೀಸವನ್ನು 2000ದಲ್ಲಿ ತೆಗೆದದ್ದೂ ಇದಕ್ಕಾಗಿಯೇ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಡಾ. ತುಪ್ಪಿಲ್ ವೆಂಕಟೇಶ್ ಅವರು ಇದರ ಅಪಾಯವನ್ನು ವರ್ಷಗಟ್ಟಲೆ ಸಾರುತ್ತ ಬಂದರು. ಹಕ್ಕಿಗಳ ಪಾಡೂ ಅಷ್ಟೆ. ಇಂಗ್ಲೆಂಡಿನಲ್ಲಿ ಗಾಳಗಾರರು ಕಳೆದುಕೊಂಡ ಪುಟ್ಟ ಸೀಸದ ಗುಂಡುಗಳನ್ನು ಕಲ್ಲಿನ ಹರಳೆಂದು ನುಂಗಿ ಹಂಸಗಳು ಸತ್ತವು. 1987ರಲ್ಲಿ ಅಂಥ ಗುಂಡುಗಳ ಮಾರಾಟವನ್ನೇ ನಿಷೇಧಿಸಿದರು.

ಇದನ್ನು ಎಷ್ಟು ಮೆಲ್ಲಗೆ ಹೇಳಬಹುದೋ ಅಷ್ಟು ಮೆಲ್ಲಗೆ ಹೇಳಿದೆ. ಹೊಟ್ಟೆಪಾಡಿನ ಕೆಲಸ, ಪಾಠ ಹೇಳಿ ಎದ್ದುಹೋಗುವವನ ಮಾತು ಎಷ್ಟು ನಾಟೀತು? ಯಜಮಾನರು ಉತ್ತರ ಕೊಡಲಿಲ್ಲ. ‘ಲೋ, ಕೈ ತೊಳ್ಕೊಂಡು ಒಳಗೆ ಹೋಗು’ ಎಂದು ಹುಡುಗನನ್ನು ಗದರಿದರು.

ಸಂಕ್ರಾಂತಿ ಕಳೆದು ಮತ್ತೆ ಹೋದಾಗ ಒಲೆ ಹಿತ್ತಿಲಿನಿಂದ ಹೊರಗೆ, ಬೇಲಿಯಾಚೆಯ ಬಯಲಿಗೆ ಹೋಗಿತ್ತು. ಜಗುಲಿಯ ಮೇಲೆ ಹರಡಿದ್ದ ಹೊಸ ಬಲೆಯ ಅಂಚಿಗೆ ಅರ್ಧದವರೆಗೆ ಸಣ್ಣ ಕಬ್ಬಿಣದ ಸರಪಳಿ, ಉಳಿದರ್ಧಕ್ಕೆ ಗುಂಡು. ‘ಸರಪಳಿ ತುಕ್ಕು ಹಿಡೀತದೆ ಮೇಷ್ಟ್ರೇ, ದುಡ್ಡೂ ಜಾಸ್ತಿ’ ಎಂದರು. ಡಬ್ಬಿಯಲ್ಲಿ ಇನ್ನೂ ಕಾಲುಭಾಗ ಮೊಳೆ ಇತ್ತು.